ಮನೆಯ ಮಾತಿಗೆ ಬರೆದ ಚಿತ್ರ



ಶತಮಾನೋತ್ಸವದ ಅಂಗವಾಗಿ ನಮ್ಮ ಮಕ್ಕಳು ಸಿದ್ಧಪಡಿಸಿದ ಒಂದು ನಿಮಿಷದ ಆ್ಯನಿಮೇಷನ್ ಚಿತ್ರವನ್ನು ತಾವು ಈಗ ತಾನೇ ನೋಡಿದಿರಿ. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ. ಅಕ್ಕಲಕೋಟದ ಎಸ್.ಟಿ. ನಿಲ್ದಾಣ, ಸೊಲ್ಲಾಪುರದ ಚಾದರದ ಮಗ್ಗ, ರೊಟ್ಟಿ ಬಡಿಯುವ ಅಡುಗೆಮನೆ, ಇಲ್ಲಿ ಕೇಳಿಬಂದ ಮಾತುಗಳಷ್ಟೇ ಇವೆ. ಹೀಗೇಕೆ ಮಾಡಿದೆವೆಂದು ಅರಿಕೆ ಮಾಡಿಕೊಳ್ಳುತ್ತೇವೆ.

ಈ ಬಗೆ ಹೊಸದಲ್ಲ. ಅಮೆರಿಕದ ಜಾನ್ ಮತ್ತು ಫೇತ್ ಹಬ್ಲಿ ದಂಪತಿಗಳು ತಮ್ಮ ಇಬ್ಬರು ಗಂಡುಮಕ್ಕಳ ಆಟದ ಮಾತನ್ನು ಧ್ವನಿಮುದ್ರಿಸಿ, ಅದರ ಮೇಲೆಯೇ 1959ರಲ್ಲಿ 'ಮೂನ್‌ಬರ್ಡ್' ಚಿತ್ರವನ್ನು ಕಟ್ಟಿದರು. ಅದಕ್ಕೆ ಆಸ್ಕರ್ ದೊರೆಯಿತು. 1989ರಲ್ಲಿ ಇಂಗ್ಲೆಂಡಿನ ನಿಕ್ ಪಾರ್ಕ್ ಸಾಮಾನ್ಯ ಜನರ ಧ್ವನಿಗಳನ್ನು ಮೃಗಾಲಯದ ಪ್ರಾಣಿಗಳ ಬಾಯಿಗಿತ್ತು 'ಕ್ರೀಚರ್ ಕಂಫರ್ಟ್ಸ್' ಮಾಡಿದರು. ಇಂಥ ಕೆಲಸದಲ್ಲಿ ಧ್ವನಿ ಮೊದಲು, ಚಿತ್ರ ಆಮೇಲೆ.

ಸೆಕೆಂಡಿಗೆ 12 ಚಿತ್ರಗಳಂತೆ ನಿಮಿಷಕ್ಕೆ 720 ಚಿತ್ರಗಳು ಬೇಕು. ಮಕ್ಕಳು ಮೊಬೈಲಿನಲ್ಲಿ ಹಿಡಿದ ಮಾತನ್ನು ಮತ್ತೆ ಮತ್ತೆ ಕೇಳಿ, ಯಾವ ಸೆಕೆಂಡಿನಲ್ಲಿ ಯಾವ ಅಕ್ಷರ ಬರುತ್ತದೆಂದು ವಹಿಯಲ್ಲಿ ಗುರುತಿಸಿದರು. 'ಬಾ ಮಗಾ' ಎಂಬಲ್ಲಿ ಬಕಾರಕ್ಕೆ ತುಟಿ ಮುಚ್ಚಬೇಕು, ಆಕಾರಕ್ಕೆ ಬಾಯಿ ತೆರೆಯಬೇಕು, ಮಕಾರಕ್ಕೆ ತುಟಿ ಮತ್ತೆ ಕೂಡಬೇಕು. ಪವರ್ಗವನ್ನು ಓಷ್ಠ್ಯವೆಂದು ಏಕೆ ಕರೆದರೆಂಬುದು ವ್ಯಾಕರಣದ ತಾಸಿನಲ್ಲಿ ಬಾಯಿಪಾಠವಾಗಿತ್ತು. ಇಲ್ಲಿ ಕಣ್ಣಿಗೆ ಕಂಡಿತು. ಮಾತಿನ ನಡುವಿನ ಮೌನಕ್ಕೂ ಚಿತ್ರ ಬರೆಯಬೇಕಾಯಿತು.

ಆಗ ಒಂದು ಪ್ರಶ್ನೆ ಎದ್ದಿತು. ಪುಸ್ತಕದ 'ಇದೆ' ಒಂದು ಮನೆಯಲ್ಲಿ 'ಅದ', ಇನ್ನೊಂದರಲ್ಲಿ 'ಐತಿ'. ನಡುನಡುವೆ ಮರಾಠಿಯ ಶಬ್ದಗಳು. ಇದನ್ನು ತಿದ್ದಿ, ಗ್ರಂಥಸ್ಥ ಕನ್ನಡದಲ್ಲಿ ಓದಿಸಬಾರದೇ? ಯೋಚಿಸಿ, ತಿದ್ದಬಾರದೆಂದು ನಿರ್ಧರಿಸಿದೆವು. ಬರವಣಿಗೆಯ ಕನ್ನಡವನ್ನು ನಾವು ಕಟ್ಟುನಿಟ್ಟಾಗಿಯೇ ಕಲಿಸುತ್ತೇವೆ. ಆದರೆ ತನ್ನ ಅಜ್ಜಿಯ ಮಾತೇ ತಪ್ಪೆಂದು ತಿಳಿದ ಮಗು ಶಾಲೆಯಲ್ಲಿಯೂ ಬಾಯಿ ಬಿಡದು. ನಾಳೆ ತನ್ನ ಮಗುವನ್ನು ಕನ್ನಡ ಶಾಲೆಗೆ ಕಳುಹಿಸಲು ಅದಕ್ಕೆ ಕಾರಣವೂ ಉಳಿಯದು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ನೆಲ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಮನೆಯ ಮಾತು ಮಾತ್ರ ಗೆರೆಯನ್ನು ಕೇಳಿ ನಡೆಯಲಿಲ್ಲ. ಮರಾಠಿಯಲ್ಲಿ ಓದಿ, ಕನ್ನಡವನ್ನು ಕಲಿತು ಬರೆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಎರಡು ಭಾಷೆಗಳ ನೆರೆಹೊರೆ ಇಲ್ಲಿ ಕೊರತೆಯಲ್ಲ.

ನಮ್ಮ ಹಿರಿಯರಲ್ಲಿ ಅನೇಕರು ಒಂದು ಪತ್ರವನ್ನೂ ಬರೆದಿಟ್ಟವರಲ್ಲ. ಅವರ ಧ್ವನಿ ಹೋದರೆ ಅದಕ್ಕೆ ಪ್ರತಿಯಿಲ್ಲ. ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ: ಮನೆಯ ಹಿರಿಯರ ಒಪ್ಪಿಗೆ ಪಡೆದು, ಅವರ ಐದು ನಿಮಿಷದ ಮಾತನ್ನು ಧ್ವನಿಮುದ್ರಿಸಿ, ಊರು ಮತ್ತು ದಿನಾಂಕ ಬರೆದು ಶಾಲೆಗೆ ತಲುಪಿಸಿರಿ. ಭಾಷಣ ಬೇಡ, ದಿನದ ಮಾತು ಸಾಕು. ಚಿತ್ರ ಬರೆಯುವ ಕೈಗಳು ನಮ್ಮಲ್ಲಿ ಸಿದ್ಧವಾಗಿವೆ.