ವಿಶ್ವಾಮಿತ್ರಿಯ ದಡ ಎಲ್ಲಿಗೆ ಮುಗಿಯುತ್ತದೆ?

ಈ ಉಪನ್ಯಾಸ ಮಾಲೆಯಲ್ಲಿ ಇಲ್ಲಿನ ಕನ್ನಡ ಸಂಘದವರು ನನಗೆ ಒಪ್ಪಿಸಿದ ವಿಷಯ ದೊಡ್ಡದು: ಅಹಮದಾಬಾದ್, ವಡೋದರಾ, ಸೂರತ್ ನಗರಗಳ ನದಿಗಳು, ಅವುಗಳ ಪಕ್ಕದ ಸರ್ಕಾರಿ ಜಮೀನು, ಅದನ್ನು ಕಾಯುವ ಬಗೆ. ಒಂದೇ ಸಂಜೆಯಲ್ಲಿ ಅಷ್ಟನ್ನೂ ಮುಗಿಸಲು ಹೊರಟರೆ ಯಾವುದನ್ನೂ ಹೇಳಿದ ಹಾಗಾಗುವುದಿಲ್ಲ. ಅಹಮದಾಬಾದಿನ ಸಾಬರಮತಿ, ಸೂರತ್ತಿನ ತಾಪಿಗಳ ಮಾತು ಬೇಕಾದಾಗ ಬರುತ್ತದೆ. ಉಳಿದಂತೆ ನಮ್ಮೂರು ವಡೋದರಾದ ವಿಶ್ವಾಮಿತ್ರಿಯನ್ನು ಬಿಟ್ಟು ನಾನು ಕದಲುವುದಿಲ್ಲ. ಅದರಲ್ಲೂ ನನ್ನದು ಒಂದೇ ತಕರಾರು. ಈ ನದಿಯ ದಡ ಎಲ್ಲಿಗೆ ಮುಗಿಯುತ್ತದೆ?

ಚರಿತ್ರೆ ನಿಮಗೆ ಗೊತ್ತಿರುವುದೇ. ಪಾವಾಗಡ ಬೆಟ್ಟದಲ್ಲಿ ಹುಟ್ಟುತ್ತದೆ, ನಗರವನ್ನು ಅಂಕುಡೊಂಕಾಗಿ ದಾಟುತ್ತದೆ, ಢಾಢರ್ ನದಿಯನ್ನು ಕೂಡಿಕೊಂಡು ಖಂಭಾತ್ ಕೊಲ್ಲಿಗೆ ಹೋಗುತ್ತದೆ. ಊರಿಗೆ ಕುಡಿಯುವ ನೀರಿಗೆಂದು ಮೇಲ್ಗಡೆ ಆಜ್ವಾ ಜಲಾಶಯ ಕಟ್ಟಿಸಿದವರು ಸಯಾಜಿರಾವ್ ಮಹಾರಾಜರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿಕೊಂಡು ಬೆಳೆದ ನಮಗೆ ಅಂಥ ಅರಸರ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ.

ವಿವರಿಸಬೇಕಾದದ್ದು ಕೋತರಗಳನ್ನು. ಅಕೋಟಾ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಕಾಣುವುದು ಕಡುಹಸಿರು ನೀರು, ಎರಡೂ ಕಡೆ ಜಾಲಿಯ ಮೆಳೆ, ಕಡಿದಾದ ಮಣ್ಣಿನ ಇಳಿಜಾರು. ಆ ಇಳಿಜಾರನ್ನು ಮಳೆನೀರು ಶತಮಾನಗಳಿಂದ ಕೊರೆದು ಮಾಡಿದ ಕೊರಕಲುಗಳೇ ಕೋತರಗಳು. ಬೇಸಿಗೆಯಲ್ಲಿ ಅವು ಒಣಗಿ ಬಿದ್ದಿರುತ್ತವೆ. ನೋಡಿದವರು ಪಾಳು ಜಾಗ ಅಂದುಕೊಳ್ಳುತ್ತಾರೆ, ಲಾರಿಯಲ್ಲಿ ಕಟ್ಟಡದ ಅವಶೇಷ ತಂದು ಸುರಿಯುತ್ತಾರೆ. ಆದರೆ ಎದುರು ದಡದಲ್ಲಿ ಕೂತು ದುರ್ಬೀನು ಹಿಡಿದರೆ ಬೇರೆಯದೇ ಕಾಣುತ್ತದೆ. ನೀರಿನಿಂದ ಮೇಲಕ್ಕೆ ಮಣ್ಣಿನಲ್ಲಿ ನುಣುಪಾದ ಜಾಡೊಂದು ಹತ್ತಿರುತ್ತದೆ. ಅದು ಮೊಸಳೆಯ ಹೊಟ್ಟೆ ಉಜ್ಜಿದ ಜಾಡು. ನಡುವೆ ಬಾಲ ಎಳೆದ ಗೆರೆ, ಎರಡೂ ಪಕ್ಕ ಉಗುರಿನ ಗುರುತು. ಜಾಡಿನ ತುದಿಯಲ್ಲಿ, ಬೇರುಗಳ ಮರೆಯಲ್ಲಿ, ಒಂದು ಬಿಲದ ಬಾಯಿ. ಬಿಸಿಲು ಜೋರಾದರೆ ಪ್ರಾಣಿ ಅದರೊಳಗೆ ಸರಿದುಕೊಳ್ಳುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಅದೇ ಇಳಿಜಾರಿನಲ್ಲಿ, ಪ್ರವಾಹ ಮುಟ್ಟದ ಎತ್ತರ ನೋಡಿ, ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಎರಡು ತಿಂಗಳು ಹತ್ತಿರದಲ್ಲೇ ಕಾಯುತ್ತದೆ. ಮರಿಗಳು ಹೊರಬರುವುದು ಮಳೆಗಾಲದ ಬಾಗಿಲಲ್ಲಿ.

ಇಂಥ 400ಕ್ಕೂ ಹೆಚ್ಚು ಮೊಸಳೆಗಳು ಲಕ್ಷಾಂತರ ಜನರ ನಗರದ ನಟ್ಟನಡುವೆ ಬದುಕಿವೆ. ನಾವು ಮೊಸಳೆ ನೋಡಲು ದಾಂಡೇಲಿಯ ಕಾಳಿ ನದಿಗೋ ರಂಗನತಿಟ್ಟಿಗೋ ಹೋಗುತ್ತಿದ್ದವರು. ಇಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕಾಣುತ್ತೇವೆ. ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ದಡದಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಈ ಮೊಸಳೆಯಿದೆ. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಕೊಂದರೆ ಜೈಲು, ಮೊಟ್ಟೆ ಮುಟ್ಟಿದರೂ ಅಪರಾಧ. ಆದರೆ ಮೊಟ್ಟೆಯಿಟ್ಟ ಮಣ್ಣು? ವಿಶ್ವಾಮಿತ್ರಿಯ ದಂಡೆ ಅಭಯಾರಣ್ಯವಲ್ಲ, ಮೀಸಲು ಅರಣ್ಯವೂ ಅಲ್ಲ. ಇಲ್ಲಿಂದ ಸ್ವಲ್ಪ ದೂರದ ಜಂಬುಘೋಡಾ ಅಭಯಾರಣ್ಯದಲ್ಲಿ ಒಂದು ಸಾಗವಾನಿ ಗಿಡ ಕಡಿಯಬೇಕಾದರೂ ಯಾರನ್ನು ಕೇಳಬೇಕು ಎನ್ನುವುದು ಸ್ಪಷ್ಟವಿದೆ. ಇಲ್ಲಿ ಪ್ರಾಣಿ ಅರಣ್ಯ ಇಲಾಖೆಯದು, ಕಾಂಸು ಎನ್ನುವ ಮಳೆನೀರಿನ ಚರಂಡಿಗಳು ಪಾಲಿಕೆಯವು, ಜಮೀನಿನ ದಾಖಲೆ ಕಂದಾಯದವರ ಹತ್ತಿರ. ಕೋತರವನ್ನು ಕೋತರವಾಗಿಯೇ ಕಾಯಬೇಕು ಎನ್ನುವ ಹೊಣೆ ಮಾತ್ರ ಯಾರ ಹೆಸರಿಗೂ ಬರೆದಿಲ್ಲ.

ಇಲ್ಲಿ ನನ್ನ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲಾರೆ. ಧಾರವಾಡದಲ್ಲಿ ನಮಗೆ ಭೂಗೋಳ ಕಲಿಸಿದವರು ಅವರು. ಬಿಳಿ ಧೋತರ, ಕೈಯಲ್ಲೊಂದು ಬೆತ್ತ. ಬೆತ್ತ ಇದ್ದದ್ದು ನೆಲದ ಮೇಲೆ ನಕ್ಷೆ ಬರೆಯಲಿಕ್ಕೆ. ಒಂದು ಬೇಸಿಗೆಯಲ್ಲಿ ನಮ್ಮನ್ನು ಯಮನೂರಿಗೆ ಕರೆದುಕೊಂಡು ಹೋದರು. ಜಾತ್ರೆ ಮುಗಿದಿತ್ತು. ಬೆಣ್ಣೆಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. "ಈ ಹಳ್ಳದ ಅಗಲ ಎಷ್ಟಪ್ಪಾ?" ಎಂದು ಕೇಳಿದರು. ಒಬ್ಬ ಹತ್ತು ಹೆಜ್ಜೆ ಎಂದ, ಇನ್ನೊಬ್ಬ ದಾಟಿ ನೋಡಿ ಹನ್ನೆರಡು ಎಂದ. ಮೇಷ್ಟ್ರು ಮಾತಾಡದೆ ಹೊಲದ ಕಡೆ ನಡೆದರು. ಬಹಳ ದೂರ ಹೋದ ಮೇಲೆ ಒಂದು ಜಾಲಿ ಮರದ ಮುಂದೆ ನಿಂತು ಬೆತ್ತ ಎತ್ತಿ ತೋರಿಸಿದರು. ನಮ್ಮ ತಲೆಗಿಂತ ಎತ್ತರದ ಕೊಂಬೆಯಲ್ಲಿ ಜೋಳದ ಕಣಿಕೆ, ಹರಕು ಚೀಲ, ಒಣಗಿದ ರೊಜ್ಜು ಸಿಕ್ಕಿಕೊಂಡಿತ್ತು. "ಹಳ್ಳ ಇಲ್ಲೀತನಕ ಅದ. ಈಗ ಊರಿಗೆ ಹೋಗೇದ, ಅಷ್ಟ" ಎಂದರು. ಬೆಣ್ಣೆಹಳ್ಳದ ನೆರೆ ಕಂಡ ನವಲಗುಂದದ ಕಡೆಯವರು ಇಲ್ಲಿದ್ದರೆ ಅವರಿಗೆ ಇದು ಹೊಸ ಮಾತಲ್ಲ. ನಾನು ಆಮೇಲೆ ಓದಿದ ಯಾವ ಪುಸ್ತಕವೂ ನದಿಯ ಅಗಲವನ್ನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

2024ರ ಆಗಸ್ಟ್ ಕೊನೆಯ ವಾರ ವಿಶ್ವಾಮಿತ್ರಿ ಊರಿನಿಂದ ತಿರುಗಿ ಬಂದಿತು. ಕಾಳಾಘೋಡಾ ಸೇತುವೆಯಲ್ಲಿ 25 ಅಡಿ ಅಪಾಯದ ಮಟ್ಟ. ನೀರು 35 ಅಡಿ ದಾಟಿತು. ಸಮಾ, ಫತೇಗಂಜ್, ಅಕೋಟಾ, ವಡಸರ್, ಎಲ್ಲೆಲ್ಲೂ ಮನೆಯೊಳಗೆ ನೀರು. ಅರಣ್ಯ ಇಲಾಖೆಯವರು ಬೀದಿಗಳಿಂದ ಮೊಸಳೆ ಹಿಡಿದು ಒಯ್ದರು. ನೆರೆ ಇಳಿದ ಮೇಲೆ ನಾನು ಜಾಲಿ ಮರಗಳನ್ನೇ ನೋಡುತ್ತ ತಿರುಗಿದೆ. ಕಸ ಸಿಕ್ಕಿಕೊಂಡ ಗೆರೆ ಬಹಳ ಕಡೆ ಕೋತರಗಳ ಮೇಲಂಚಿಗೆ ಹೊಂದುತ್ತಿತ್ತು. ಕೋತರ ಮುಚ್ಚಿ ಕಟ್ಟಿದಲ್ಲಿ ಆ ಗೆರೆ ಜನರ ಗೋಡೆಗಳ ಮೇಲಿತ್ತು. ನನ್ನ ವಾದವೆಲ್ಲ ಇಷ್ಟೇ: ಆ ಗೆರೆಯೇ ದಡ.

ಆ ನೆರೆಯಾದ ಮೇಲೆ ಸರ್ಕಾರ ಸಮಿತಿ ರಚಿಸಿತು. 2025ರ ಬೇಸಿಗೆಯಲ್ಲಿ ನದಿಯನ್ನು ಅಗಲಿಸಿ ಆಳ ಮಾಡುವ ಕೆಲಸಕ್ಕೆ ಯಂತ್ರಗಳು ಇಳಿದವು. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು ಎಂದರೆ ಬೇಸಿಗೆಯೇ ಬೇಕು. ಮೊಸಳೆ ಮೊಟ್ಟೆಯಿಡುವುದೂ ಅದೇ ಬೇಸಿಗೆಯಲ್ಲಿ. ಎಂಜಿನಿಯರುಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾವೇ ತಂದು ಸುರಿದ ಇಟ್ಟಿಗೆ, ಕಾಂಕ್ರೀಟು, ಪ್ಲಾಸ್ಟಿಕ್ಕನ್ನು ತೆಗೆಯಲೇಬೇಕು. ಆದರೆ ಸುರಿದದ್ದನ್ನು ತೆಗೆಯುವುದು ಬೇರೆ, ನದಿ ತಾನೇ ಕಟ್ಟಿಕೊಂಡ ಇಳಿಜಾರನ್ನು ಒಂದೇ ಅಳತೆಗೆ ಕೆತ್ತುವುದು ಬೇರೆ. ತಿರುವುಗಳು, ಕೋತರಗಳು ನೀರನ್ನು ಪಕ್ಕಕ್ಕೆ ಹಿಡಿದು ನಿಧಾನ ಮಾಡುತ್ತವೆ. ಅವನ್ನು ನೇರ ಮಾಡಿದರೆ ಅಕೋಟಾದ ನೀರು ಬೇಗ ಇಳಿಯಬಹುದು. ಕೆಳಗಿನ ಊರುಗಳಿಗೆ ಅಷ್ಟೇ ಬೇಗ ಹೋಗಿ ಬೀಳುತ್ತದೆ.

ಸಾಬರಮತಿಯ ಮಾದರಿ ಎಲ್ಲರ ಕಣ್ಣ ಮುಂದಿದೆ. ಅಲ್ಲಿ ಎರಡೂ ಕಡೆ ಗೋಡೆ ಎಬ್ಬಿಸಿ, ನದಿಯನ್ನು 263 ಮೀಟರ್ ಅಗಲಕ್ಕೆ ತಂದು, ಉಳಿದ ಪಾತ್ರವನ್ನು ತುಂಬಿ ರಸ್ತೆ, ಉದ್ಯಾನ ಮಾಡಿದರು. ವಾಸಣಾ ಬ್ಯಾರೇಜಿನ ಹಿಂದೆ ನಿಂತಿರುವುದು ನರ್ಮದೆಯ ನೀರು. ಸಂಜೆ ಅಲ್ಲಿ ನಡೆದಾಡುವ ಮಕ್ಕಳನ್ನು ನೋಡಿದರೆ ನನಗೂ ಸಂತೋಷವಾಗುತ್ತದೆ. ವಾಸಣಾದಿಂದ ಕೆಳಗೆ ಹೋಗಿ ಮೂಗು ಮುಚ್ಚಿಕೊಂಡು ನಿಂತಾಗ ಆ ಸಂತೋಷ ಉಳಿಯುವುದಿಲ್ಲ. ಗೋಡೆಯೇ ಕಾಯುತ್ತದೆ ಎನ್ನುವವರು 2006ರ ಸೂರತ್ ನೆನೆಯಲಿ: ಉಕಾಯಿ ಅಣೆಕಟ್ಟಿನಿಂದ ಬಿಟ್ಟ ತಾಪಿಯ ನೀರಿಗೆ ನಗರದ ಬಹುಭಾಗ ಮುಳುಗಿತು.

ವಡೋದರಾದಲ್ಲೂ ಅಂಥದ್ದೇ ಯೋಜನೆ ಬಂದಾಗ ಪರಿಸರ ಕಾರ್ಯಕರ್ತ ರೋಹಿತ್ ಪ್ರಜಾಪತಿ ಮತ್ತಿತರರು ಹಸಿರು ನ್ಯಾಯಮಂಡಳಿಗೆ ಹೋದರು. 2016ರಲ್ಲಿ ತಡೆ ಸಿಕ್ಕಿತು. 2021ರಲ್ಲಿ ಬಂದ ತೀರ್ಪು ನದಿಯ ಗಡಿ ಗುರುತಿಸಿ, ಒತ್ತುವರಿ ತೆಗೆದು, ಪ್ರವಾಹದ ಬಯಲನ್ನು ಕಾಪಾಡಿ ಎಂದಿತು. ನನಗೆ ಅದು ಹಬ್ಬದ ದಿನ. ಆದರೂ ಬೆಂಗಳೂರು ನೆನಪಾಗಿ ಅಂಜಿಕೆಯಾಗುತ್ತದೆ. ಅಲ್ಲಿ ಇದೇ ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್, ದೊಡ್ಡ ರಾಜಕಾಲುವೆಗೆ 50 ಮೀಟರ್ ಬಿಡಬೇಕು ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಮೀಟರಿನಲ್ಲಿ ಹಾಕಿದ ಗೆರೆಯನ್ನು ಮೀಟರಿನಲ್ಲೇ ಅಳಿಸಬಹುದು. ಅದಕ್ಕೇ ಗೆರೆಯನ್ನು ನೆಲ ನೋಡಿ, ಮರ ನೋಡಿ, ತಿರುವು ತಿರುವಿಗೂ ಹಾಕಬೇಕು ಎಂದು ಹಟ ಹಿಡಿದಿದ್ದೇನೆ.

ಇಷ್ಟು ಹೇಳಿದವನು ಪರಶುರಾಮ್ ಭಟ್ಠಾದ ಹೆಸರು ಎತ್ತದೆ ಕೂರುವಂತಿಲ್ಲ. ಸಯಾಜಿಗಂಜಿನ ಪಕ್ಕ, ನದಿಯ ಮಗ್ಗುಲಲ್ಲೇ ಇರುವ ಆ ಬಡವರ ಮನೆಗಳು ನನ್ನ ಗೆರೆಯ ಒಳಗೆ ಬೀಳುತ್ತವೆ. ಕೋತರ ಮುಚ್ಚಿ ಎದ್ದ ಬಹುಮಹಡಿ ಕಟ್ಟಡಗಳೂ ಬೀಳುತ್ತವೆ. ಗೆರೆ ಎಳೆದ ಮರುದಿನ ಬುಲ್ಡೋಜರ್ ಮೊದಲು ಯಾರ ಬಾಗಿಲಿಗೆ ಹೋಗುತ್ತದೆ? ಸಾಬರಮತಿಯ ದಡದಿಂದ 10,000ಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋದವು. ನದಿಯ ಹೆಸರಿನಲ್ಲಿ ಅದನ್ನೇ ಇಲ್ಲಿ ಮಾಡಿಸಲು ನನ್ನ ವಾದ ನೆರವಾಗುವುದಾದರೆ ಅದನ್ನು ಹಿಡಿದುಕೊಂಡಿರಲೋ, ಬಿಡಲೋ? ಈ ಕೋತರಗಳನ್ನು ಅಭಯಾರಣ್ಯ ಮಾಡಿ ಅರಣ್ಯ ಇಲಾಖೆಗೆ ಒಪ್ಪಿಸಿದರೆ ಬೇಲಿ ಬರುತ್ತದೆ, ದಡದಲ್ಲಿ ದನ ಮೇಯಿಸುವವರು ಹೊರಗಾಗುತ್ತಾರೆ. ಪಾಲಿಕೆಗೆ ಬಿಟ್ಟರೆ ಇಂದಲ್ಲ ನಾಳೆ ಗೋಡೆ ಬರುತ್ತದೆ. ಮೂರನೆಯ ದಾರಿ ಯಾವುದು? ನಿಮ್ಮಲ್ಲಿ ಮನೆಯೊಳಗೆ ನೀರು ಹೊಕ್ಕವರಿದ್ದೀರಿ, ಪಾಲಿಕೆಯಲ್ಲಿ ಕೆಲಸ ಮಾಡಿದವರಿದ್ದೀರಿ, ನನ್ನ ಗೆರೆಯ ಒಳಗೆ ಮನೆ ಕೊಂಡವರೂ ಇದ್ದೀರಿ. ಮೊದಲು ಅವರೇ ಮಾತಾಡಲಿ.