ವೈದ್ಯರ ರಾಜಕೀಯ, ರೈತರ ಆರೋಗ್ಯ ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಷೇರು ಎಷ್ಟಾಯ್ತು, ಠೇವಣಿ ಎಷ್ಟಾಯ್ತು, ಗೊಬ್ಬರ ಎಷ್ಟು ಮಾರಿದೆವು ಎಂಬ ವರದಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಿ ಅಂತ ನಮಗೆ ಅಪ್ಪಣೆಯಾಗಿದೆ. ನಾವು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವರು. ಆದರೂ ಸಾಲ ಸಮಿತಿಯಲ್ಲಿ ಕೂತು ಕೂತು ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಅರ್ಜಿಯಲ್ಲಿ ಕಡಲೆಕಾಯಿ ಬೆಳೆಗೆ ಅಂತ ಇರುತ್ತೆ, ಹಸು ಕೊಳ್ಳಲು ಅಂತ ಇರುತ್ತೆ. ಹಣ ಕೈಗೆ ಬಂದ ಮೇಲೆ ನೋಡಿದರೆ ಬೀಜವೂ ಇಲ್ಲ, ಹಸುವೂ ಇಲ್ಲ. ಮನೆಯವರ ಗರ್ಭಕೋಶದ ಆಪರೇಷನ್ನು, ಇಲ್ಲ ತಂದೆಯ ಹೃದಯದ ಚಿಕಿತ್ಸೆ, ಇಲ್ಲ ಮಗನ ಕಾಲೇಜು ಫೀಜು. ಸುಸ್ತಿದಾರರ ಪಟ್ಟಿಯಲ್ಲಿ ಕಾರಣ ಬರೆಯುವ ಕಾಲಂ ಇಲ್ಲ. ಇದ್ದಿದ್ದರೆ ಮಳೆ ಅಂತ ಬರೆದಷ್ಟೇ ಸಲ ಆಸ್ಪತ್ರೆ ಅಂತಲೂ ಬರೆಯಬೇಕಾಗುತ್ತಿತ್ತು.

ಆದ್ದರಿಂದ ಇವತ್ತು ಇದೇ ಕಷ್ಟವನ್ನು ಮುಂದಿಟ್ಟುಕೊಂಡು ಜನರ ಬಳಿ ಓಟು ಕೇಳಿದ ಒಬ್ಬ ಡಾಕ್ಟರ ವಿಚಾರ ಹೇಳುತ್ತೇವೆ. ಅವರು ದಿವಂಗತ ಡಾ. ವೈ.ಎಸ್. ರಾಜಶೇಖರ ರೆಡ್ಡಿ. ಸಂಘದೊಳಗೆ ಪಕ್ಷ ತರಬಾರದು ಎಂಬುದು ನಮ್ಮೆಲ್ಲರ ನಿಯಮ. ಅದನ್ನು ಮೀರುವ ಉದ್ದೇಶ ನಮಗಿಲ್ಲ. ನಮ್ಮ ಪಾವಗಡ ಸೀಮೆಯ ಮೂರು ಕಡೆಗೂ ಆಂಧ್ರ. ಹೆಣ್ಣು ಕೊಟ್ಟು ತಂದ ನೆಂಟಸ್ತನ ಅಲ್ಲೂ ಇದೆ, ಇಲ್ಲೂ ಇದೆ. ಹಾಗಾಗಿ ಅಲ್ಲಿ ನಡೆದದ್ದು ನಮಗೆ ದೂರದ ಸುದ್ದಿಯಲ್ಲ.

ಅನಂತಪುರ ದಾಟಿದರೆ ಕಡಪ ಜಿಲ್ಲೆ. ಅಲ್ಲಿಯ ಪುಲಿವೆಂದುಲ ಅವರ ಊರು. ವೈದ್ಯ ವಿದ್ಯೆ ಕಲಿತದ್ದು ಮಾತ್ರ ನಮ್ಮ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. 1973ರಲ್ಲಿ ಪುಲಿವೆಂದುಲದಲ್ಲಿ ತಂದೆಯವರ ಹೆಸರಿನಲ್ಲಿ ಆಸ್ಪತ್ರೆ ತೆರೆದರು. ರೂಪಾಯಿ ಡಾಕ್ಟರು ಅಂತಲೇ ಜನ ಕರೆಯುತ್ತಿದ್ದರು. 1978ರಲ್ಲಿ ಮೊದಲ ಸಲ ಶಾಸಕರಾದರು. ಅಲ್ಲಿಂದ ಮುಂದೆ ನಿಂತ ಯಾವ ಚುನಾವಣೆಯಲ್ಲೂ ಸೋಲಲಿಲ್ಲ.

2003ರ ಬೇಸಿಗೆ. ಸೀಮೆಯೆಲ್ಲ ಬರ. ಏಪ್ರಿಲ್ 9ರಂದು ಹೈದರಾಬಾದ್ ಪಕ್ಕದ ಚೇವೆಳ್ಳದಿಂದ ನಡೆಯಲು ಹೊರಟ ಅವರು ಜೂನ್ ತಿಂಗಳಲ್ಲಿ ಒಡಿಶಾ ಗಡಿಯ ಇಚ್ಛಾಪುರಂ ಮುಟ್ಟಿದರು. ಎರಡು ತಿಂಗಳ ಮೇಲೆ ಸುಮಾರು 1,500 ಕಿಲೋಮೀಟರ್ ನಡಿಗೆ. ದಾರಿಯುದ್ದಕ್ಕೂ ರೈತರು ಹೇಳಿಕೊಂಡದ್ದು ಕರೆಂಟು ಬಿಲ್ಲು, ಸಾಲ, ರೋಗ, ಮಕ್ಕಳ ಓದು. ಮುಂದಿನ ವರ್ಷ, 2004ರ ಮೇ 14ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನವೇ ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ ರುಜು ಹಾಕಿದರು.

ಆರೋಗ್ಯದ ವಿಷಯ ಅಷ್ಟು ಬೇಗ ಆಗಲಿಲ್ಲ. ದೊಡ್ಡ ಕಾಯಿಲೆ ಬಂದವರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಿಡಿದು ಹೈದರಾಬಾದಿಗೆ ಹೋಗಬೇಕಿತ್ತು. ಯಾರನ್ನಾದರೂ ಹಿಡಿದು ಕಾಗದ ಬರೆಸಬೇಕು, ಹಣ ಮಂಜೂರಾಗುವವರೆಗೆ ರೋಗ ಕಾಯಬೇಕು. ರೋಗ ಕಾಯುತ್ತದೆಯೇ? ಮೊದಲು ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಏರ್ಪಾಡಾಯಿತು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಶುರುವಾಯಿತು. 2007ರ ಏಪ್ರಿಲ್ 1ರಂದು ರಾಜೀವ್ ಆರೋಗ್ಯಶ್ರೀ ಬಂತು. ಮೊದಲು ಆರಿಸಿದ್ದು ಮೂರೇ ಜಿಲ್ಲೆ: ಮೆಹಬೂಬ್‌ನಗರ, ಶ್ರೀಕಾಕುಳಂ ಮತ್ತು ನಮ್ಮ ಮಗ್ಗುಲಿನ ಅನಂತಪುರ. ಮೂರೂ ಬಡವಾದ ಜಿಲ್ಲೆಗಳು. ಮರುವರ್ಷದೊಳಗೆ ಇಡೀ ರಾಜ್ಯಕ್ಕೆ ಹಬ್ಬಿತು.

ಅದರ ವಿಧಾನ ಸರಳ. ಬಿಳಿ ರೇಷನ್ ಕಾರ್ಡೇ ಆಧಾರ. ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಬೇಕಾದರೆ ಮೇಲೆ ಐವತ್ತು ಸಾವಿರ. ಪ್ರೀಮಿಯಂ ಪೂರ್ತಿ ಸರ್ಕಾರದ್ದು. ಹೃದಯ, ಮೂತ್ರಪಿಂಡ, ಕ್ಯಾನ್ಸರು, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗೆ ಪಟ್ಟಿಯಲ್ಲಿರುವ ಸರ್ಕಾರಿ ಆಸ್ಪತ್ರೆಗಾದರೂ ಹೋಗಬಹುದು, ಖಾಸಗಿ ಆಸ್ಪತ್ರೆಗಾದರೂ ಹೋಗಬಹುದು. ಆಸ್ಪತ್ರೆಯಲ್ಲಿ ಕಾಗದಪತ್ರ ನೋಡಿಕೊಳ್ಳಲು ಆರೋಗ್ಯಮಿತ್ರ ಅಂತ ಒಬ್ಬರು. ಓದು ಬಾರದ ಹೆಣ್ಣುಮಗಳು ಅಲ್ಲಿ ಕಂಗಾಲಾಗದಂತೆ ಮಾಡಿದ್ದು ಆ ಒಬ್ಬರು. ಆಗ ಅನಂತಪುರ ಜಿಲ್ಲೆಗೆ ಸೇರಿದ್ದ ಮಡಕಶಿರಾ ಕಡೆಯ ನಮ್ಮ ನೆಂಟರು ಕಾರ್ಡು ಹಿಡಿದು ದೊಡ್ಡಾಸ್ಪತ್ರೆಗೆ ಹೋಗಿಬಂದರೆ, ಬಿ.ಪಿ.ಎಲ್. ಮನೆಯವರಾದ ಈ ಕಡೆಯ ನೆಂಟರು ಅದೇ ಚಿಕಿತ್ಸೆಗೆ ಒಡವೆ ಅಡವಿಟ್ಟರು. ಗಡಿಕಲ್ಲಿನ ಆಚೆ ಒಂದು ನ್ಯಾಯ, ಈಚೆ ಒಂದು ನ್ಯಾಯ.

ವಿದ್ಯೆಯ ಕಡೆಗೂ ಅವರು ಗಮನ ಕೊಟ್ಟರು. ಬಡ ವಿದ್ಯಾರ್ಥಿಗಳ ಇಂಜಿನಿಯರಿಂಗ್, ಮೆಡಿಕಲ್ ಮುಂತಾದ ಕೋರ್ಸಿನ ಶುಲ್ಕವನ್ನು ಸರ್ಕಾರವೇ ತುಂಬುವ ವ್ಯವಸ್ಥೆಯಾಯಿತು. 2008ರಲ್ಲಿ ಬಾಸರ, ನೂಜಿವೀಡು, ಇಡುಪುಲಪಾಯ ಎಂಬ ಮೂರು ಕಡೆ ತಾಂತ್ರಿಕ ವಿದ್ಯಾಸಂಸ್ಥೆಗಳು ಆರಂಭವಾದವು. ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳು ನೇರ ಅಲ್ಲಿಗೆ ಸೇರಿ ಆರು ವರ್ಷಕ್ಕೆ ಇಂಜಿನಿಯರಾಗಿ ಬರಬಹುದು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನಮ್ಮಂಥವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿ ಕೂತರೆ ಅದು ಹೊಗಳಿಕೆ ಆದೀತು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆರೋಗ್ಯಶ್ರೀ ಹಣದ ದೊಡ್ಡ ಪಾಲು ಖಾಸಗಿ ಆಸ್ಪತ್ರೆಗಳಿಗೆ ಹೋಯಿತು ಎಂಬ ಟೀಕೆ ಬಂತು. ಜ್ವರ, ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳಿಗೆ ಆ ಕಾರ್ಡು ಆಗಿಬರಲಿಲ್ಲ. ಬಿ.ಪಿ. ಮಾತ್ರೆ ಸರಿಯಾಗಿ ಸಿಕ್ಕರೆ ಹೃದಯದ ಆಪರೇಷನ್ನೇ ತಪ್ಪೀತು. ಅಂದರೆ ಬೆಂಕಿ ಆರಿಸಲು ಹಣ ಇತ್ತು, ಕಿಡಿ ಹತ್ತದಂತೆ ನೋಡಲು ಹಣ ಸಾಲದಾಯಿತು. ಅವರ ಆಡಳಿತದ ಮೇಲೆ ಬೇರೆ ಆರೋಪಗಳೂ ಇದ್ದವು. 2009ರ ಮೇ ತಿಂಗಳಲ್ಲಿ ಜನ ಮತ್ತೆ ಗೆಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರ್ 2ರಂದು ನಲ್ಲಮಲ ಕಾಡಿನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಅವರು ತೀರಿಕೊಂಡರು.

ಆಮೇಲೆ ನಡೆದದ್ದೇ ನಮಗೆ ಮುಖ್ಯ ಪಾಠ. ಮುಖ್ಯಮಂತ್ರಿಗಳು ಬದಲಾದರು. 2014ರಲ್ಲಿ ರಾಜ್ಯವೇ ಎರಡಾಯಿತು. ಯೋಜನೆಯ ಹೆಸರನ್ನು ಒಬ್ಬರು ಬದಲಾಯಿಸಿದರು, ಇನ್ನೊಬ್ಬರು ಮರಳಿ ಇಟ್ಟರು. ಆದರೆ ಯೋಜನೆಯನ್ನು ಕಿತ್ತುಹಾಕುವ ಧೈರ್ಯ ಯಾವ ಪಕ್ಷಕ್ಕೂ ಆಗಲಿಲ್ಲ. ಕಾರಣ, ಅದು ಒಬ್ಬ ಡಾಕ್ಟರ ದಯೆ ಅಂತ ಜನ ತಿಳಿದಿರಲಿಲ್ಲ, ನಮ್ಮ ಹಕ್ಕು ಅಂತ ತಿಳಿದಿದ್ದರು. ರೂಪಾಯಿ ಡಾಕ್ಟರ ಆಸ್ಪತ್ರೆ ಒಂದು ಊರಿಗೆ. ಹಕ್ಕು ಎಲ್ಲ ಊರಿಗೆ.

ಬಂಧುಗಳೇ, ನಮ್ಮ ಕರ್ನಾಟಕವೇನೂ ಇದರಲ್ಲಿ ಹಿಂದೆ ಇರಲಿಲ್ಲ. ಆರೋಗ್ಯಶ್ರೀಗಿಂತ ನಾಲ್ಕು ವರ್ಷ ಮೊದಲೇ, 2003ರ ಜೂನಿನಲ್ಲಿ, ನಮ್ಮ ಯಶಸ್ವಿನಿ ಜಾರಿಗೆ ಬಂತು. ನಮ್ಮ ಸಂಘ ಆಗ ಅಂಬೆಗಾಲಿಡುತ್ತಿದ್ದ ಕಾಲ. ಅದರ ಹಿಂದೆಯೂ ಒಬ್ಬ ವೈದ್ಯರೇ ಇದ್ದರು, ಡಾ. ದೇವಿ ಶೆಟ್ಟಿಯವರು. ಅವರು ಓಟು ಕೇಳಲಿಲ್ಲ, ಸಹಕಾರ ಸಂಘಗಳನ್ನು ನಂಬಿದರು. ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಸರ್ಕಾರವೂ ಒಂದಿಷ್ಟು ಕೂಡಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ತತ್ತ್ವವೇ ಇಲ್ಲಿಯೂ ಕೆಲಸ ಮಾಡಿತು. ಹನಿ ಹನಿ ಕೂಡಿದರೆ ಹಳ್ಳ. ಆಮೇಲೆ 2010ರಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂದಾಗ ಮೊದಲು ಶುರುವಾದದ್ದು ಗುಲಬರ್ಗಾ ವಿಭಾಗದಲ್ಲಿ. ಆ ಡಾಕ್ಟರು ಓದಿದ ಊರಿಗೇ ಅವರ ಯೋಜನೆಯ ಹೆಸರು ಹೀಗೆ ಬಂತು.

ಆದರೆ ನಾವು ಹಣ ಕಟ್ಟಿ ಬೆಳೆಸಿದ ಯಶಸ್ವಿನಿ 2018ರಲ್ಲಿ ನಿಂತುಹೋಯಿತು. ಬದಲಿಗೆ ಬಂದ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡು ಇಲ್ಲದವರಿಗೆ ಸಿಕ್ಕಿದ್ದು ಚಿಕಿತ್ಸಾ ವೆಚ್ಚದ ಶೇಕಡಾ 30 ಮಾತ್ರ. ನಾಲ್ಕು ಎಕರೆ ಖುಷ್ಕಿ ಇದ್ದು ಎ.ಪಿ.ಎಲ್. ಆದ ರೈತ ಉಳಿದ 70 ಭಾಗಕ್ಕೆ ಎಲ್ಲಿಗೆ ಹೋಗಬೇಕು? ಮತ್ತೆ ನಮ್ಮ ಸಾಲ ಸಮಿತಿಗೇ ಬಂದ. ನಾಲ್ಕು ವರ್ಷ ಇದೇ ನಡೆಯಿತು. ಯಶಸ್ವಿನಿ ಬೇಕು ಅಂತ ಸಹಕಾರಿಗಳು ಕೇಳುತ್ತಲೇ ಇದ್ದರು. 2022ರ ಬಜೆಟ್ಟಿನಲ್ಲಿ ಅದು ಮತ್ತೆ ಘೋಷಣೆಯಾಯಿತು, ನವೆಂಬರಿನಲ್ಲಿ ನೋಂದಣಿ, 2023ರ ಜನವರಿಯಿಂದ ಚಿಕಿತ್ಸೆ. ಮರುಜಾರಿಯಾದಾಗ ಗ್ರಾಮೀಣ ಸಂಘದ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಒಬ್ಬೊಬ್ಬರಿಗೆ 100 ರೂಪಾಯಿ, ರಕ್ಷಣೆ 5 ಲಕ್ಷದವರೆಗೆ ಅಂತ ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರ್ಕಾರದ್ದೇ.

ಈಗ ನಮ್ಮ ಪಾಲಿನ ಕೆಲಸ ಏನು? ಮೊದಲನೆಯದಾಗಿ, ನೋಂದಣಿ ಪ್ರತಿವರ್ಷ ಆಗಬೇಕು. ಕಾಯಿಲೆ ಬಂದ ಮೇಲೆ ಕಟ್ಟೋಣ ಅಂದರೆ ನಡೆಯೋದಿಲ್ಲ. ಕೊನೆಯ ದಿನಾಂಕವನ್ನು ಸಂಘದ ಬೋರ್ಡಿನ ಮೇಲೆ ಬರೆಸಿ, ತಮಟೆ ಹೊಡೆಸಿ ಸಾರಿಸೋಣ. ಎರಡನೆಯದಾಗಿ, ಆಸ್ಪತ್ರೆಗೆ ಹೋಗುವ ಸದಸ್ಯರ ಜೊತೆ ಕಾಗದಪತ್ರ ತಿಳಿದ ಒಬ್ಬ ಹುಡುಗನನ್ನು ಸಂಘದಿಂದಲೇ ಕಳುಹಿಸೋಣ. ಮೂರನೆಯದಾಗಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇದ್ದಾರೆಯೇ, ಬಿ.ಪಿ., ಸಕ್ಕರೆ ಮಾತ್ರೆ ಇದೆಯೇ ಅಂತ ತಿಂಗಳಿಗೊಮ್ಮೆ ಕೇಳೋಣ. ಕೇಳುವವರು ಇಲ್ಲದ ಕಡೆ ಏನೂ ಇರೋದಿಲ್ಲ.

ಮುಂದೆ ಯಾರೇ ಓಟು ಕೇಳಲು ಬರಲಿ, ಡಾಕ್ಟರೇ ಬರಲಿ, ವಕೀಲರೇ ಬರಲಿ, ರೈತರೇ ಬರಲಿ, ಕೂರಿಸಿ ನೀರು ಕೊಟ್ಟು ಮೂರು ಮಾತು ಕೇಳಿ. ದೊಡ್ಡ ಕಾಯಿಲೆ ಬಂದರೆ ಕೊನೆಗೆ ಹಣ ಕಟ್ಟುವವರು ಯಾರು? ಸಣ್ಣ ಕಾಯಿಲೆಗೆ ನಮ್ಮ ಊರ ಹತ್ತಿರ ಏನು ಮಾಡುತ್ತೀರಿ? ನೀವು ಇಲ್ಲದ ಕಾಲಕ್ಕೂ ಈ ಏರ್ಪಾಡು ಉಳಿಯುತ್ತದೆಯೇ? ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಅವರ ಹತ್ತಿರ ಇರುತ್ತೆ, ಇನ್ನರ್ಧ ನಮ್ಮ ಹತ್ತಿರ.

 ಸಂಘ ಸುವರ್ಣ ಮಹೋತ್ಸವ ಕಾಣಲಿ, ಅದನ್ನು ನೋಡಲು ನಾವೆಲ್ಲ ಆರೋಗ್ಯವಾಗಿ ಇರೋಣ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.