ಲೆಕ್ಕದ ಮನೆ, ವಾಸದ ಮನೆ



ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್, ತವರ ಮತ್ತು ತಾಮ್ರದ ಗಣಿಗಳ ನಾಡಾಗಿತ್ತು. ಅಲ್ಲಿ ಗಣಿಯ ಕಚೇರಿಗೆ ‘ಕೌಂಟ್ ಹೌಸ್’ ಎಂದು ಹೆಸರು. ಲೆಕ್ಕದ ಮನೆ ಎಂದರ್ಥ. ಆಯವ್ಯಯದ ಕಡತಗಳೊಡನೆಯೇ ಸೇವಾವಧಿ ಸವೆಸಿದ ನನ್ನನ್ನು ಮೊದಲು ಸೆಳೆದದ್ದು ಈ ಹೆಸರೇ.

ಗ್ರಾನೈಟ್ ಗೋಡೆ, ಸ್ಲೇಟುಕಲ್ಲಿನ ಮಾಡು, ನಡುವೆ ಬಾಗಿಲು, ಇಕ್ಕೆಲಗಳಲ್ಲಿ ಸಮನಾದ ಕಿಟಕಿಗಳು. ಇವುಗಳಲ್ಲಿ ಹಲವು ದೂರದಿಂದ ಗೌರವಸ್ಥರ ಬಂಗಲೆಗಳಂತೆಯೇ ಕಾಣುತ್ತವೆ. ಇದು ಆಕಸ್ಮಿಕವಲ್ಲ. ಹಣ ಹೂಡಿದ ಪಾಲುದಾರರು ಲೆಕ್ಕ ನೋಡಲು ಬಂದ ದಿನ ಒಳಗಿನ ದೊಡ್ಡ ಕೋಣೆಯಲ್ಲಿ ಭಾರಿ ಭೋಜನ ನಡೆಯುತ್ತಿತ್ತು. ಗಣಿಯ ಗತಿ ಏನೇ ಇರಲಿ, ಗೋಡೆಗಳು ಭರವಸೆ ಹುಟ್ಟಿಸಬೇಕಿತ್ತು.

ಕೆಲಸ ಹಂಚುತ್ತಿದ್ದದ್ದು ಅದೇ ಮನೆಯ ಹೊರಗೆ. ತೆಗೆದ ಅದಿರಿನ ಬೆಲೆಯಲ್ಲಿ ಅತಿ ಕಡಿಮೆ ಪಾಲು ಕೇಳಿದ ತಂಡಕ್ಕೆ ಆ ಜಾಗ. ಗಣಿಯ ಮೇಲ್ವಿಚಾರಕ ಕಲ್ಲುಹರಳೊಂದನ್ನು ಮೇಲಕ್ಕೆ ಎಸೆಯುವ ಪದ್ಧತಿಯಿತ್ತು; ಅದು ನೆಲ ಮುಟ್ಟುವ ಮುನ್ನ ಕೊನೆಗೆ ಕೂಗಿದ ದರವೇ ಸ್ಥಿರ. ನಮ್ಮ ಟೆಂಡರ್ ನಿಯಮಗಳನ್ನು ಶಪಿಸುವವರು ಇದನ್ನೊಮ್ಮೆ ನೆನೆಯಬೇಕು!

ಗಣಿಗಳು ಮುಚ್ಚಿದವು. ನೀರೆತ್ತುವ ಯಂತ್ರಗಳಿಗಾಗಿ ಕಟ್ಟಿದ ಎತ್ತರದ ಮನೆಗಳು ಮಾಡು ಕಳೆದುಕೊಂಡು, ಒಂಟಿ ಚಿಮಣಿಗಳೊಡನೆ ನಿಂತಿವೆ. ಲೆಕ್ಕದ ಮನೆಗಳಲ್ಲಿ ಹಲವು ಖಾಸಗಿ ವಾಸದ ಮನೆಗಳಾದವು. ಅಗ್ಗಿಷ್ಟಿಕೆ, ಕಿಟಕಿ, ಕೋಣೆ ಎಲ್ಲವೂ ಮೊದಲೇ ಇದ್ದವು. ಸಂಸಾರ ಹೂಡಲು ಹೆಚ್ಚೇನೂ ಬದಲಿಸಬೇಕಾಗಿರಲಿಲ್ಲ. 2006ರಲ್ಲಿ ಈ ಗಣಿಪ್ರದೇಶ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇದನ್ನು ಇಲ್ಲೇಕೆ ಹೇಳುತ್ತಿದ್ದೇನೆ? 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಹಿಂದೆ ಕಾರ್ನ್‌ವಾಲ್, ಡೆವನ್‌ಗಳ ಗಣಿ ಅನುಭವವಿತ್ತು. ಕಾರ್ನ್‌ವಾಲಿನ ಗಣಿಗಾರರೂ ಕೋಲಾರಕ್ಕೆ ಬಂದರು. ಅಧಿಕಾರಿಗಳಿಗೆ ತೋಟದ ನಡುವೆ ಬಂಗಲೆ, ಕೂಲಿಗಳಿಗೆ ಸಾಲುಮನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಇಂದು ಪರಂಪರೆಯ ಮಾತೆತ್ತಿದರೆ ಎಲ್ಲರ ಕಣ್ಣೂ ಬಂಗಲೆಗಳ ಮೇಲೆ. ಸುಂದರವಾದದ್ದನ್ನು ಉಳಿಸಲಿ, ನನಗೆ ತಕರಾರಿಲ್ಲ. ಆದರೆ ತಮಿಳು, ತೆಲುಗು, ಕನ್ನಡಗಳು ಒಂದೇ ನಲ್ಲಿಯ ಬಳಿ ಬೆರೆತ ಆ ಸಾಲುಮನೆಗಳ ನಕ್ಷೆಯನ್ನು ಯಾರು ಬರೆದಿಟ್ಟಿದ್ದಾರೆ? ಉದ್ಯೋಗಕ್ಕಾಗಿ ಪರಭಾಷೆಯ ನಾಡಿನಲ್ಲಿ ನೆಲೆಸಿರುವ ನಾವಲ್ಲದೆ ಇನ್ನಾರು ಈ ಪ್ರಶ್ನೆ ಕೇಳಬೇಕು?

ಈ ಸಭೆಯಲ್ಲಿ ಆ ಊರಿನವರು ಇರಬಹುದು. ತಮ್ಮ ಬಾಲ್ಯದ ಮನೆಯಲ್ಲಿ ಒಲೆ ಎಲ್ಲಿತ್ತು, ಬಾಗಿಲು ಯಾವ ದಿಕ್ಕಿಗೆ, ರಾತ್ರಿಪಾಳಿಯಿಂದ ಬಂದ ತಂದೆ ಹಗಲು ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ಸಂಘದ ಕಚೇರಿಗೆ ತಂದುಕೊಡಿ. ಅಳತೆ ತಪ್ಪಿದರೂ ಚಿಂತೆಯಿಲ್ಲ.